ಪರಂಪರೆಯ ಪೀಠೋಪಕರಣ ಮತ್ತು ಇಂದಿನ ಒಳಾಂಗಣ

ಗೋಡೆ ಮಾಳಿಗೆಗಳು ಮನೆಯ ಶರೀರವಾದರೆ, ಅದರೊಳಗೆ ಕೂಡಲು, ಮಲಗಲು, ಓದಲು, ಉಣ್ಣಲು ಮಾಡಿಕೊಂಡ ಏರ್ಪಾಡುಗಳು ಅದರ ನಡೆನುಡಿಗಳಿದ್ದಂತೆ. ಒಂದು ಜನಾಂಗ ಹೇಗೆ ಬಾಳುತ್ತಿತ್ತು, ಯಾವುದಕ್ಕೆ ಬೆಲೆ ಕೊಡುತ್ತಿತ್ತು, ಕಾಡಿನಿಂದ ಎಷ್ಟನ್ನು ಪಡೆದು ಎಷ್ಟನ್ನು ಉಳಿಸುತ್ತಿತ್ತು ಎಂಬುದನ್ನು ಅರಿಯಲು ಅದರ ಅರಮನೆಗಳಿಗಿಂತಲೂ ಅದರ ಮಣೆ, ಮಂಚ, ಪೆಟ್ಟಿಗೆ, ಕಪಾಟುಗಳೇ ಹೆಚ್ಚು ನಂಬತಕ್ಕ ಸಾಕ್ಷಿಗಳು.

ಈಚಿನ ವರ್ಷಗಳಲ್ಲಿ ನಗರಗಳ ಹೊಸ ಮನೆಗಳಲ್ಲಿ, ಉಪಾಹಾರ ಗೃಹಗಳಲ್ಲಿ, ಕಚೇರಿಗಳಲ್ಲಿ ಹಳೆಯ ಮಾದರಿಯ ಪೀಠೋಪಕರಣಗಳಿಗೆ ಮತ್ತೆ ಮನ್ನಣೆ ದೊರೆಯುತ್ತಿದೆ. ಕೆತ್ತನೆಯ ಬಾಗಿಲು, ಮರದ ಕಂಬ, ತೂಗುಮಂಚ, ಬೆತ್ತದ ಕುರ್ಚಿ, ಕೆಂಪು ಗಾರೆಯ ನೆಲ, ಕೈಮಗ್ಗದ ಹಾಸು ಇವು ಶ್ರೀಮಂತಿಕೆಯ ಗುರುತಾಗಿ ಮರಳಿ ಬಂದಿವೆ. ಇದರ ಜೊತೆಯಲ್ಲಿಯೇ ‘ಪರಿಸರಸ್ನೇಹಿ’, ‘ಸುಸ್ಥಿರ’ ಎಂಬ ಮಾತುಗಳೂ ಬಳಕೆಗೆ ಬಂದಿವೆ. ಈ ಒಲವು ಸ್ವಾಗತಾರ್ಹವೇ ಸರಿ. ಆದರೆ ಹಳೆಯದರ ರೂಪವನ್ನು ತಂದುಕೊಳ್ಳುವುದು ಬೇರೆ, ಹಳೆಯದರ ವಿವೇಕವನ್ನು ತಂದುಕೊಳ್ಳುವುದು ಬೇರೆ. ಇವೆರಡರ ಅಂತರವನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕು: ಈ ವಸ್ತುವಿನ ಮೂಲದ್ರವ್ಯ ಎಲ್ಲಿಂದ ಬಂದಿತು? ಇದನ್ನು ಮಾಡಿದ ಕೈಗೆ ತಕ್ಕ ಪ್ರತಿಫಲ ಸಂದಿತೇ? ಇದು ಕೆಟ್ಟಾಗ ಇದನ್ನು ದುರಸ್ತಿ ಮಾಡಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ? ಈ ಮೂರು ಒರೆಗಲ್ಲುಗಳಿಗೆ ಹಚ್ಚಿ ಇಂದಿನ ಪ್ರವೃತ್ತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಮನೆಯ ಒಳಾಂಗಣ

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಪೀಠೋಪಕರಣಗಳು ತೀರ ಕಡಿಮೆಯಾಗಿದ್ದವು. ಅವುಗಳ ಕೆಲಸವನ್ನು ಬಹುಮಟ್ಟಿಗೆ ಮನೆಯೇ ಮಾಡುತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಯ ಮುಂದೆ ಕಟ್ಟೆ, ಒಳಗೆ ಪಡಸಾಲೆ; ದಪ್ಪ ಗೋಡೆಯಲ್ಲಿಯೇ ಕೊರೆದ ಗೂಡುಗಳಲ್ಲಿ ದೀಪವೂ ಪುಸ್ತಕವೂ ಇರುತ್ತಿದ್ದವು. ಗೋಡೆಗೆ ಹೊಡೆದ ಮರದ ಗೂಟಗಳು ಬಟ್ಟೆಗೆ, ಮೇಲಿನ ನಾಗೊಂದಿಗೆಗಳು ಪಾತ್ರೆ ಪದಾರ್ಥಗಳಿಗೆ. ಹಳೆಯ ಮೈಸೂರಿನ ಕಡೆಯ ತೊಟ್ಟಿಮನೆಯಲ್ಲಿ ನಡುವಿನ ತೆರೆದ ಅಂಗಳವು ಗಾಳಿ ಬೆಳಕುಗಳನ್ನು ಒಳಗೆ ತರುತ್ತಿತ್ತು; ಸುತ್ತಲಿನ ಜಗಲಿಯೇ ಕೂಡುವ ಆಸನವಾಗಿತ್ತು.

ಉಣ್ಣಲು ಮಣೆ, ಮಲಗಲು ಹೊರಸು ಅಥವಾ ಚಾಪೆ, ಹೊದೆಯಲು ಕೌದಿ ಕಂಬಳಿಗಳು. ಬೆಳಗಾದೊಡನೆ ಹಾಸಿಗೆ ಸುತ್ತಿಟ್ಟರೆ ಮಲಗುವ ಕೋಣೆಯೇ ಮಾತುಕತೆಯ ಕೋಣೆ. ಮಕ್ಕಳು ಪುಸ್ತಕ ತೆರೆದರೆ ಅದೇ ಪಾಠಶಾಲೆ. ಮಠಗಳ ಏರ್ಪಾಡೂ ಇದೇ ತತ್ತ್ವದ್ದು. ದಾಸೋಹದ ಪಂಕ್ತಿಗೆ ಮೇಜು ಕುರ್ಚಿಗಳ ಹಂಗಿಲ್ಲ. ನೂರು ಜನ ಬಂದರೂ ಸಾವಿರ ಜನ ಬಂದರೂ ನೆಲವೇ ಪೀಠ. ಗ್ರಂಥಕ್ಕೆ ಒಂದು ಮಡಿಸುವ ವ್ಯಾಸಪೀಠ, ಬರೆಯುವವರಿಗೆ ಒಂದು ಓರೆ ಹಲಗೆಯ ಪೆಟ್ಟಿಗೆ. ಇಷ್ಟರಲ್ಲಿಯೇ ವಿದ್ಯೆಯೂ ಸಾಗುತ್ತಿತ್ತು.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲವೂ ಹೊನ್ನೆಂದು ಭಾವಿಸಬೇಕಾಗಿಲ್ಲ. ಬೆಳಕಿಂಡಿಯೊಂದನ್ನೇ ನಂಬಿದ ಅಡುಗೆಮನೆಯಲ್ಲಿ ಹೊಗೆ ಕವಿಯುತ್ತಿತ್ತು. ಬಾಗಿ ದುಡಿದ ಹೆಣ್ಣುಮಕ್ಕಳ ಬೆನ್ನು ಸೋಲುತ್ತಿತ್ತು. ಮಂಡಿ ನೋಯುವ ವೃದ್ಧರಿಗೆ ಕುರ್ಚಿಯು ಭೋಗವಲ್ಲ, ಅವಶ್ಯಕತೆ. ದೊಡ್ಡ ಸಾಗುವಾನಿಯ ಮಂಚ, ಕೆತ್ತನೆಯ ಕಂಬಗಳು ದೇಸಾಯರ ವಾಡೆಗಳಲ್ಲಿ ಇದ್ದವೇ ಹೊರತು ಒಕ್ಕಲಿನ ಮನೆಗಳಲ್ಲಿ ಅಲ್ಲ. ಆದುದರಿಂದ ಹಳೆಯ ಮನೆಯಿಂದ ಕಲಿಯಬೇಕಾದುದು ಅದರ ಕತ್ತಲೆಯನ್ನಲ್ಲ. ಕಡಿಮೆ ವಸ್ತುಗಳಿಂದ ಹೆಚ್ಚು ಉಪಯೋಗ ಪಡೆಯುವ ಅದರ ಜಾಣ್ಮೆಯನ್ನು.

ಈ ಜಾಣ್ಮೆಯನ್ನು ಹೊರಗಿನವರೂ ಗುರುತಿಸಿದ್ದಾರೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಪ್ಪಿಸಿದ ವರದಿಯಲ್ಲಿ, ತಾವು ಈ ದೇಶದಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಸಾಮಾನ್ಯ ಚೊಂಬಿಗೆ ಅಗ್ರಸ್ಥಾನ ಕೊಟ್ಟರು. ಎಷ್ಟು ನೀರು ಹಿಡಿಯಬೇಕು, ಕೈಯಲ್ಲಿ ಹೇಗೆ ಕೂಡಬೇಕು, ಸೊಂಟದ ಮೇಲೆ ಹೇಗೆ ನಿಲ್ಲಬೇಕು, ಹೇಗೆ ಬೆಳಗಬೇಕು ಎಂಬ ಅನೇಕ ತಲೆಮಾರುಗಳ ಅನುಭವವೇ ಆ ರೂಪವನ್ನು ತಿದ್ದಿದೆ ಎಂಬುದು ಅವರ ಅಭಿಪ್ರಾಯದ ಸಾರ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ರೂಪವು ಉಪಯೋಗದಿಂದ ಹುಟ್ಟಬೇಕು, ಪ್ರದರ್ಶನದಿಂದಲ್ಲ ಎಂಬ ಪಾಠವನ್ನು ಒಂದು ಚೊಂಬು ಕಲಿಸಿತು.

ಜೋಡಣೆಯಲ್ಲಿ ಅಡಗಿದ ವಿವೇಕ

ಹಳೆಯ ಮರಗೆಲಸದ ನಿಜವಾದ ಹಿರಿಮೆ ಕೆತ್ತನೆಯಲ್ಲಿಲ್ಲ, ಜೋಡಣೆಯಲ್ಲಿದೆ. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೊರೆದು, ಇನ್ನೊಂದು ತುಂಡಿನಲ್ಲಿ ಅದಕ್ಕೆ ತಕ್ಕ ತೂತನ್ನು ತೋಡಿ, ಎರಡನ್ನೂ ಕೂಡಿಸಿ ಮರದ ಗೂಟವನ್ನು ಜಡಿಯುವುದು ಬಡಗಿಯ ಕ್ರಮ. ಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ವಸ್ತು. ಈ ಚಲನೆಗೆ ಅವಕಾಶವಿರುವ ಜೋಡಣೆ ಬಿರಿಯದೆ ಬಾಳುತ್ತದೆ. ಕಾಲು ಮುರಿದರೆ ಗೂಟ ಬಡಿದು ತೆಗೆದು ಹೊಸ ಕಾಲನ್ನು ಕೂಡಿಸಬಹುದು. ಹಲಗೆ ಸವೆದರೆ ಹಲಗೆಯೊಂದನ್ನೇ ಬದಲಿಸಬಹುದು. ಅಂದರೆ, ಆ ವಸ್ತು ಹುಟ್ಟುವಾಗಲೇ ತನ್ನ ದುರಸ್ತಿಯ ದಾರಿಯನ್ನು ಒಡಲಲ್ಲಿ ಇಟ್ಟುಕೊಂಡು ಹುಟ್ಟುತ್ತದೆ.

ಈ ಗುಣವು ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೇ ನಿದರ್ಶನ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು, ಕೆಡವಲ್ಪಡುತ್ತಿದ್ದ ಹಳೆಯ ಮನೆಗಳನ್ನು ಕಂಡು ಮರುಗಿ, ಅವುಗಳನ್ನು ತುಂಡುತುಂಡಾಗಿ ಬಿಚ್ಚಿಸಿ, ಗುರುತು ಹಾಕಿಸಿ, ಮಣಿಪಾಲಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಕರಾವಳಿಯ ಮನೆಗಳೊಡನೆ ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಸಭಾಂಗಣ ಮತ್ತು ವೀರಶೈವ ಜಂಗಮ ಮಠವೊಂದು ಅಲ್ಲಿ ಉಳಿದು ನಿಂತಿವೆ. ಶೆಣೈ ಅವರು 2017ರಲ್ಲಿ ನಿಧನ ಹೊಂದಿದರು. ಅವರ ಸಾಧನೆ ಉಳಿದಿದೆ. ಬಡಗಿಗಳು ಮರವನ್ನು ಮರದಿಂದ ಕೂಡಿಸಿದ್ದರಿಂದಲೇ ಆ ಕಟ್ಟಡಗಳನ್ನು ಬಿಚ್ಚಿ ಮರಳಿ ಕಟ್ಟುವುದು ಸಾಧ್ಯವಾಯಿತು. ಇಂದಿನ ಅಂಟು ಮೊಳೆಗಳ ಕೆಲಸವನ್ನು ಹೀಗೆ ಬಿಚ್ಚಿದರೆ ಉಳಿಯುವುದು ಚೂರುಗಳು ಮಾತ್ರ.

ಹೊಟ್ಟು ಮತ್ತು ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಇಂದು ಎಲ್ಲೆಡೆಯೂ ಹರಡಿವೆ. ಬೆಲೆ ಕಡಿಮೆ, ನೋಟ ನುಣುಪು. ಕಾಡಿನ ದೊಡ್ಡ ಮರಗಳನ್ನು ಉಳಿಸುವುದರಲ್ಲಿ ಇವುಗಳ ಪಾಲೂ ಉಂಟೆಂಬುದನ್ನು ಮರೆಯಬಾರದು. ಆದರೆ ಒಮ್ಮೆ ನೀರು ತಾಗಿದರೆ ಚೂರು ಹಲಗೆ ಉಬ್ಬಿ ಪುಡಿಯಾಗುತ್ತದೆ. ಒಮ್ಮೆ ಕಿತ್ತ ತಿರುಪು ಅದೇ ತೂತಿನಲ್ಲಿ ಮತ್ತೆ ಹಿಡಿಯದು. ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲವು ನಿಧಾನವಾಗಿ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ದ್ರವ್ಯಗಳ ಸಾಲಿಗೆ ಸೇರಿಸಿತು. ಈ ಅನಿಲ ಕಡಿಮೆ ಹೊರಬರುವ ಹಲಗೆಗಳೂ ಇಂದು ದೊರೆಯುತ್ತವೆ. ಮುಚ್ಚಿದ ಕೊಠಡಿಗಳಲ್ಲಿ ಮಕ್ಕಳನ್ನು ಕೂಡಿಸುವ ಸಂಸ್ಥೆಗಳು ಕೊಳ್ಳುವ ಮೊದಲು ಈ ವಿಷಯವನ್ನು ವಿಚಾರಿಸಿಕೊಳ್ಳುವುದು ಅವಶ್ಯ.

ಮರದ ಮಿತಿ

ಹಾಗಾದರೆ ಮತ್ತೆ ತೇಗ ಬೀಟೆಗಳಿಗೆ ಮರಳಬೇಕೇ? ಅದೂ ಸಾಧ್ಯವಿಲ್ಲ. ಮೈಸೂರಿನ ಬೀಟೆ ಮರದ ಒಳಸೇರಿಕೆಯ ಕಲೆಯ ಇತಿಹಾಸವೇ ಇದಕ್ಕೆ ಉತ್ತರ. ಕಪ್ಪುಛಾಯೆಯ ಬೀಟೆಯಲ್ಲಿ ದಂತದ ಚೂರುಗಳನ್ನು ಕೂಡಿಸಿ ಹೂಬಳ್ಳಿಗಳನ್ನು, ದೇವತಾ ಚಿತ್ರಗಳನ್ನು ಮೂಡಿಸುವುದು ಅಲ್ಲಿನ ಕುಶಲಿಗರ ಹಿರಿಮೆಯಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಕಲೆ ಸಾಯಲಿಲ್ಲ, ದಂತದ ಬದಲು ಬೇರೆ ಬೇರೆ ಬಣ್ಣದ ಮರಗಳ ತುಂಡುಗಳಿಂದಲೇ ಚಿತ್ರ ಮೂಡತೊಡಗಿತು. ಅನಂತರ 2017ರಲ್ಲಿ ಬೀಟೆಯ ಜಾತಿಯ ಮರಗಳೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿದವು. ಕಲೆಯು ಮೂಲದ್ರವ್ಯವನ್ನು ಬದಲಿಸಿಕೊಂಡೂ ಬದುಕಬಲ್ಲದು. ಕಾಡು ಬರಿದಾದರೆ ಮಾತ್ರ ಎರಡೂ ಉಳಿಯಲಾರವು ಎಂಬುದು ಇದರಿಂದ ವೇದ್ಯವಾಗುತ್ತದೆ.

ಮರವು ಬೆಳೆಯುವಾಗ ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ಅದು ಮಂಚವಾಗಿಯೋ ಬೆಂಚಾಗಿಯೋ ಇರುವವರೆಗೂ ಆ ಇಂಗಾಲ ಅದರಲ್ಲಿಯೇ ಬಂಧಿತವಾಗಿರುತ್ತದೆ. ಸುಟ್ಟಾಗ ಅಥವಾ ಕೊಳೆತಾಗ ಗಾಳಿಗೆ ಮರಳುತ್ತದೆ. ಆದುದರಿಂದ ಒಂದು ಬೆಂಚಿನ ಆಯುಷ್ಯವನ್ನು ಹತ್ತು ವರ್ಷದಿಂದ ಐವತ್ತು ವರ್ಷಕ್ಕೆ ಹೆಚ್ಚಿಸುವುದು ಪರಿಸರ ರಕ್ಷಣೆಯ ಕಾರ್ಯವೇ ಆಗಿದೆ. ಅದೇ ಮರವನ್ನು ಐದು ಸಲ ಕೊಳ್ಳುವ ಅಗತ್ಯ ಆಗ ತಪ್ಪುತ್ತದೆ.

ಹೊಸ ಪ್ರವೃತ್ತಿಗಳು

ಕಾಡಿನ ಮೇಲಿನ ಭಾರವನ್ನು ತಗ್ಗಿಸುತ್ತ ಪರಂಪರೆಯ ಕುಶಲತೆಯನ್ನು ಉಳಿಸುವ ಪ್ರಯತ್ನಗಳಲ್ಲಿ ಕೆಲವು ವಿಶೇಷವಾಗಿ ಗಮನಾರ್ಹವಾಗಿವೆ.

ಅವುಗಳಲ್ಲಿ ಮೊದಲನೆಯದು ಹಳೆಯ ಮರದ ಮರುಬಳಕೆ. ಕೆಡವಿದ ಮನೆಯ ತೊಲೆ, ಜಂತೆ, ಬಾಗಿಲುಗಳಿಂದ ಮೇಜು, ಕಪಾಟು, ಹಲಗೆಗಳನ್ನು ಮಾಡುವುದು ಇಂದು ವ್ಯಾಪಕವಾಗಿದೆ. ದಶಕಗಳ ಕಾಲ ಒಣಗಿ ಹದಗೊಂಡ ಮರ ಬಾಗುವುದಿಲ್ಲ. ಹೊಸ ಮರವನ್ನು ಕಡಿಯಬೇಕಾಗಿಲ್ಲ. ಆದರೆ ಇಲ್ಲಿ ಒಂದು ಅಪಾಯವೂ ಅಡಗಿದೆ. ತಾನಾಗಿ ಬಿದ್ದ ಮನೆಯ ಮರವನ್ನು ಬಳಸುವುದು ಸಂರಕ್ಷಣೆ. ನಗರದ ಅಂಗಡಿಯಲ್ಲಿ ಕೆತ್ತನೆಯ ಕಂಬಕ್ಕೆ ಬೆಲೆ ಬಂದಿತೆಂದು ಹಳ್ಳಿಯ ಗಟ್ಟಿಮುಟ್ಟಾದ ಮನೆಯನ್ನು ಕೀಳಿಸುವುದು ಸಂಹಾರ. ಒಂದು ದಿವಾನಖಾನೆಯ ಶೋಭೆಗಾಗಿ ಒಂದು ಊರಿನ ಪಡಸಾಲೆ ಕತ್ತಲಾಗಬಾರದು. ಕೊಳ್ಳುವವರು ಕಂಬದ ಬೆಲೆಯನ್ನು ಕೇಳುವುದರ ಜೊತೆಗೆ ಅದು ಯಾವ ಮನೆಯದೆಂಬುದನ್ನೂ, ಆ ಮನೆ ಏಕೆ ಬಿದ್ದಿತೆಂಬುದನ್ನೂ ಕೇಳಬೇಕು.

ಎರಡನೆಯದು ಕಳೆಯನ್ನು ಕಸುಬಾಗಿಸಿದ ಪ್ರಯೋಗ. ಅಮೆರಿಕ ಖಂಡದ ಉಷ್ಣಪ್ರದೇಶಗಳಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದ ಲಂಟಾನ ಗಿಡವು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳನ್ನು ಆವರಿಸಿದೆ. ಅದರ ಪೊದೆಗಳ ಕೆಳಗೆ ಹುಲ್ಲೂ ಮರದ ಸಸಿಗಳೂ ಬೆಳೆಯಲಾರವು. ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಲಂಟಾನದಿಂದ ಪೀಠೋಪಕರಣ ಮಾಡುವ ತರಬೇತಿ ನೀಡಿತು. ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ಮೆತ್ತಗಾದ ತೊಗಟೆಯನ್ನು ಸುಲಿದು, ಹಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಸೋಫಾ, ಬುಟ್ಟಿ, ಪುಸ್ತಕದ ಕಪಾಟುಗಳನ್ನು ಹೆಣೆಯುತ್ತಾರೆ. ನೋಟಕ್ಕೆ ಬೆತ್ತವನ್ನೇ ಹೋಲುವ ಇವು ಬೆತ್ತಕ್ಕಿಂತ ಅಗ್ಗ. ಗೆದ್ದಲಿಗೂ ಸುಲಭವಾಗಿ ತುತ್ತಾಗುವುದಿಲ್ಲ. ನೀಲಗಿರಿಯ ಗೂಡಲೂರಿನಲ್ಲಿ ಬೆಟ್ಟ ಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಕುಶಲಿಗರು ಇದೇ ಲಂಟಾನದಿಂದ ಹೆಣೆದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶಿತವಾದವು. ಬುಡ ಸಹಿತ ಕೀಳದಿದ್ದರೆ ಲಂಟಾನ ಮತ್ತೆ ಚಿಗುರುತ್ತದೆ. ಪೀಠೋಪಕರಣಗಳಿಂದಲೇ ಕಾಡು ಶುದ್ಧವಾಗುವುದೆಂದು ನಂಬುವುದು ಅತಿಯಾಸೆ. ಆದರೂ ಕಾಡಿಗೆ ಹಾನಿಯಾಗದೆ ಕಾಡಿನವರಿಗೆ ಕೂಲಿ ದೊರೆಯುವ ದಾರಿಗಳಲ್ಲಿ ಇದು ಒಂದು.

ಮೂರನೆಯದು ಬಿದಿರು. ಮೂರರಿಂದ ಐದು ವರ್ಷಗಳಲ್ಲಿ ಬಲಿಯುವ ಬಿದಿರು ವಾಸ್ತವವಾಗಿ ಒಂದು ಹುಲ್ಲು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದು ಬಹುಕಾಲ ಮರವೆನಿಸಿಕೊಂಡಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದು ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲಾಯಿತು. ರೈತನು ತನ್ನ ಹೊಲದ ಬದುವಿನ ಬಿದಿರನ್ನು ಕಡಿದು ಮಾರಲು ಇದರಿಂದ ಅನುಕೂಲವಾಯಿತು. ಬಿದಿರಿನ ಒಡಲಲ್ಲಿರುವ ಪಿಷ್ಟವೇ ಅದರ ಶತ್ರು. ಅದನ್ನು ತಿನ್ನಲು ಕೊರಕ ಹುಳು ಬರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರು ಅನೇಕ ವರ್ಷ ಬಾಳುತ್ತದೆ. ಬಿದಿರಿನ ಪೀಠೋಪಕರಣ ಬಾಳುವುದಿಲ್ಲವೆಂಬ ದೂರಿಗೆ ಈ ಸಂಸ್ಕಾರದ ಅಭಾವವೇ ಮುಖ್ಯ ಕಾರಣ.

ನಾಲ್ಕನೆಯದು ಚನ್ನಪಟ್ಟಣದ ಅರಗಿನ ಕೆಲಸ. ಆಟಿಕೆಗಳಿಂದ ಹೆಸರಾದ ಈ ಕಲೆ ಈಗ ದೀಪದ ಕಂಬ, ಕಪಾಟಿನ ಹಿಡಿ, ಮೊಗ್ಗಿನಾಕಾರದ ಕುರ್ಚಿಕಾಲು, ಪರದೆಯ ಮಣಿಗಳಿಗೂ ವ್ಯಾಪಿಸಿದೆ. ಬಿಳಿಯ ಮೃದುವಾದ ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ತಿರುಗಣೆಯ ಮೇಲೆ ಆಕಾರಕ್ಕೆ ತಂದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಒಣಗಿದ ಗರಿಯಿಂದ ಉಜ್ಜಿದಾಗ ಕನ್ನಡಿಯ ಹೊಳಪು ಬರುತ್ತದೆ. ಅರಗು ಕೀಟದ ಸ್ರಾವ. ಬಣ್ಣ ಅರಿಸಿನ ನೀಲಿಗಳಂಥ ಸಸ್ಯಮೂಲದ್ದಾದರೆ ಮಗುವಿನ ಬಾಯಿಗೆ ಹೋದರೂ ಭಯವಿಲ್ಲ. ಅಗ್ಗದ ರಾಸಾಯನಿಕ ಬಣ್ಣ ಬಳಸಿದ ಅನುಕರಣೆಗಳೂ ಪೇಟೆಯಲ್ಲಿ ಇರುವುದರಿಂದ ಕೊಳ್ಳುವವರು ವಿಚಾರಿಸಿ ಕೊಳ್ಳುವುದು ಲೇಸು.

ಐದನೆಯದು ಹಾಸು ಹೊದಿಕೆಗಳು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳಲ್ಲಿ ನವಿಲೂ ಪಗಡೆಯ ಹಾಸೂ ಗಾಢವಾದ ಬಣ್ಣಗಳಲ್ಲಿ ಮೂಡುತ್ತವೆ. ಅವುಗಳನ್ನು ಮನೆಯಲ್ಲಿಯೇ ಮಗ್ಗ ಹೂಡಿ ನೇಯುತ್ತ ಬಂದವರು ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು. ಈಗ ಉಳಿದಿರುವ ನೇಕಾರಿಣಿಯರು ಕೆಲವೇ ಮಂದಿ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೆಯ್ದು ಹುಣಸೆಬೀಜದ ಸರಿ ಹಚ್ಚಿ ಹದಗೊಳಿಸಿದ ಕಂಬಳಿಯು ಹೊದೆಯುವವರಿಲ್ಲದೆ ಮೂಲೆ ಸೇರುತ್ತಿದ್ದಾಗ, ನೆಲಹಾಸು, ದಿಂಬಿನ ಚೀಲ, ಗೋಡೆಯ ತೂಗುಪಟಗಳ ರೂಪದಲ್ಲಿ ಅದಕ್ಕೆ ಹೊಸ ಬಾಳು ದೊರೆಯುತ್ತಿದೆ. ಇವೆಲ್ಲಕ್ಕಿಂತ ಕಿರಿದಾದರೂ ಅರ್ಥದಲ್ಲಿ ಹಿರಿದಾದುದು ಕೌದಿ. ಹರಿದ ಸೀರೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದು ಮತ್ತೆ ಮನೆಗೆ ಕಾವು ಕೊಡುವ ಕೌದಿಗಿಂತ ಉತ್ತಮವಾದ ಮರುಬಳಕೆಯ ಪಾಠವನ್ನು ಯಾವ ವಿಶ್ವವಿದ್ಯಾಲಯವೂ ಹೇಳಲಾರದು. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಇಂದು ಕಲಾಪ್ರದರ್ಶನಗಳನ್ನೂ ಅಲಂಕರಿಸುತ್ತಿವೆ.

ನೆಲದ ವಿಷಯದಲ್ಲಿಯೂ ಇದೇ ಮಾತು. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವ ಸುಣ್ಣಗಲ್ಲು. ಭಟ್ಟಿಯಲ್ಲಿ ಸುಡಬೇಕಾಗಿಲ್ಲ, ತುಳಿದಷ್ಟೂ ನುಣುಪಾಗುತ್ತದೆ, ಬೇಸಗೆಯಲ್ಲಿ ತಂಪು. ಉತ್ತರ ಕರ್ನಾಟಕದ ಅನೇಕ ಶಾಲೆಗಳ ನೆಲ ಇಂದಿಗೂ ಈ ಕಲ್ಲಿನದೇ. ಒಂದು ಕಲ್ಲು ಒಡೆದರೆ ಅದೊಂದನ್ನೇ ಎತ್ತಿ ಬೇರೊಂದನ್ನು ಕೂಡಿಸಬಹುದು. ಇಂತಹ ನೆಲದ ಮೇಲೆ ಹೊಳೆಯುವ ಬಿಲ್ಲೆಗಳನ್ನು ಹೊದಿಸುವುದು ಸುಧಾರಣೆಯೆಂದು ಭಾವಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಚಂಡೀಗಢದ ಪಾಠ

ವಿದ್ಯಾಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ವೃತ್ತಾಂತವು ಚಂಡೀಗಢದಿಂದ ಬಂದಿದೆ. ಸ್ವಾತಂತ್ರ್ಯಾನಂತರ ಪಂಜಾಬಿನ ರಾಜಧಾನಿಯಾಗಿ ಆ ನಗರವನ್ನು ಲಿ ಕಾರ್ಬೂಸಿಯೆ ರೂಪಿಸಿದಾಗ, ಅವರ ದಾಯಾದಿ ಪಿಯರ್ ಜಾನರೆ 1951ರಿಂದ 1965ರವರೆಗೆ ಅಲ್ಲಿಯೇ ನೆಲೆಸಿ ಕೆಲಸ ಮಾಡಿದರು. ಕಚೇರಿ, ಕಾಲೇಜು, ಗ್ರಂಥಾಲಯಗಳಿಗೆ ಬೇಕಾದ ಕುರ್ಚಿ, ಮೇಜು, ಬೆಂಚುಗಳನ್ನು ತೇಗ ಮತ್ತು ಬೆತ್ತಗಳಿಂದ, ಸ್ಥಳೀಯ ಬಡಗಿಗಳೇ ಮಾಡಬಲ್ಲ ಸರಳ ಮಾದರಿಯಲ್ಲಿ ರಚಿಸಲಾಯಿತು. ಕಾಲಾನಂತರ ಬೆತ್ತ ಹರಿಯಿತು, ಕೀಲು ಸಡಿಲವಾಯಿತು. ಹೊಸ ಕುರ್ಚಿಗಳು ಬಂದವು. ಹಳೆಯವು ಮಾಳಿಗೆಯ ಮೇಲೆ ರಾಶಿ ಬಿದ್ದು, ಕೊನೆಗೆ ಗುಜರಿಯ ಬೆಲೆಗೆ ಹರಾಜಾದವು. ಅವನ್ನು ಕೊಂಡು ಒಯ್ದ ವಿದೇಶಿ ವ್ಯಾಪಾರಿಗಳು ದುರಸ್ತಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜುಗಳಲ್ಲಿ ಲಕ್ಷಾಂತರ ರೂಪಾಯಿಗಳಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಆ ವಸ್ತುಗಳ ಮಾರಾಟ ಮತ್ತು ರಫ್ತನ್ನು ತಡೆಯುವ ಆದೇಶ ಹೊರಡಿಸುವ ವೇಳೆಗೆ ಬಹಳಷ್ಟು ವಸ್ತುಗಳು ದೇಶ ಬಿಟ್ಟಿದ್ದವು.

ಇಲ್ಲಿ ಮುಖ್ಯವಾದುದು ಹರಾಜಿನ ಬೆಲೆಯಲ್ಲ. ಹೊಸ ಬೆತ್ತದ ಹೆಣಿಗೆ, ಒಂದಿಷ್ಟು ಎಣ್ಣೆ, ಬಡಗಿಯ ಒಂದೆರಡು ದಿನದ ಕೂಲಿ, ಇಷ್ಟು ಸಿಕ್ಕಿದ್ದರೆ ಆ ಕುರ್ಚಿಗಳು ತಾವಿದ್ದಲ್ಲಿಯೇ ಇನ್ನೂ ಮೂರು ತಲೆಮಾರುಗಳ ವಿದ್ಯಾರ್ಥಿಗಳನ್ನು ಕೂಡಿಸಿಕೊಳ್ಳುತ್ತಿದ್ದವು. ದುರಸ್ತಿಯ ಮನಸ್ಸಿಲ್ಲದ ಕಡೆ ಪರಂಪರೆಯೂ ಗುಜರಿಯಾಗುತ್ತದೆ.

ಬಾಚಿಯ ಕಾಯಕ

ಪರಂಪರೆಯೆಂದರೆ ವಸ್ತುಗಳಷ್ಟೇ ಅಲ್ಲ, ಅವನ್ನು ಮಾಡುವ ಕೈಗಳು. ಹನ್ನೆರಡನೆಯ ಶತಮಾನದ ಶರಣರು ಈ ಸತ್ಯವನ್ನು ಬಾಳಿ ತೋರಿದರು. ಬಾಚಿ ಕಾಯಕದ ಬಸವಯ್ಯ ಮರಗೆಲಸ ಮಾಡುತ್ತಲೇ ವಚನ ರಚಿಸಿದ. ಮೇದರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಲೇ ಜಂಗಮ ದಾಸೋಹ ನಡೆಸಿದ. ಅನುಭಾವಕ್ಕೂ ಉಳಿ ಬಾಚಿಗಳಿಗೂ ವಿರೋಧವಿಲ್ಲವೆಂದು ಸಾರಿದ ನೆಲವಿದು. ಅಂತಹ ನೆಲದಲ್ಲಿ ಬಡಗಿಯ ಮಗ ಕಸುಬನ್ನು ಬಿಡುವುದು ತನ್ನ ಏಳಿಗೆಗಾಗಿ ಆದರೆ ಅದು ಸರಿಯೇ. ಕುಲಕಸುಬಿಗೆ ಯಾರನ್ನೂ ಕಟ್ಟಿಹಾಕಬಾರದೆಂಬುದೂ ಶರಣರ ಬಾಳಿನಿಂದಲೇ ದೊರೆಯುವ ಬೋಧೆ. ಆದರೆ ಕಸುಬಿಗೆ ಮರ್ಯಾದೆಯಿಲ್ಲದೆ, ಕೂಲಿ ಸಾಲದೆ ಬಿಡುವಂತಾದರೆ ಅದು ಸಮಾಜದ ಸೋಲು.

ನಗರದ ಪ್ರದರ್ಶನ ಮಳಿಗೆಯಲ್ಲಿ ಪಾರಂಪರಿಕ ಕುರ್ಚಿಯ ಬೆಲೆ ಏರಿದಂತೆ ಅದನ್ನು ಮಾಡಿದವನ ಕೂಲಿ ಏರಿದೆಯೇ ಎಂಬುದೇ ಈ ಹೊಸ ಒಲವಿನ ಪರೀಕ್ಷೆ. ವಿನ್ಯಾಸಕಾರನ ಹೆಸರು ಚೀಟಿಯ ಮೇಲಿದ್ದು ಬಡಗಿಯ ಹೆಸರು ಎಲ್ಲಿಯೂ ಇಲ್ಲದಿದ್ದರೆ, ಪರಂಪರೆಯ ಸೊಗಸು ಮಾತ್ರ ಮಾರಾಟವಾಯಿತು, ಪರಂಪರೆ ಬೆಳೆಯಲಿಲ್ಲ. ಕೈಗೆ ಕಲಿಸುವ ಶಿಕ್ಷಣವನ್ನು ಯಾವ ಜಾತಿಯ ಮಗುವಿಗಾದರೂ ತೆರೆದಿಡುವ ಶಾಲೆಗಳು ಈ ಕೊರತೆಯನ್ನು ತುಂಬಬಲ್ಲವು.

ವಿದ್ಯಾಸಂಸ್ಥೆಗಳು ಮಾಡಬಹುದಾದುದು

ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು ಕೂಡಿ ನಡೆಸಬಹುದಾದ ಕೆಲವು ಕಾರ್ಯಗಳನ್ನು ಇಲ್ಲಿ ಸೂಚಿಸುವುದು ಉಚಿತ.

ಒಂದು, ಹಳೆಯ ಪೀಠೋಪಕರಣಗಳನ್ನು ಹರಾಜಿಗೆ ಹಾಕುವ ಮೊದಲು ಅನುಭವಿ ಬಡಗಿಯೊಬ್ಬನಿಂದ ಪರೀಕ್ಷೆ ಮಾಡಿಸಬೇಕು. ಯಾವ ಮರ, ಯಾವ ಕಾಲದ್ದು, ಯಾರ ದಾನ ಎಂಬುದನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಎರಡು, ಪ್ರತಿ ಬೇಸಗೆಯ ರಜೆಯಲ್ಲಿ ಸಡಿಲ ಕೀಲುಗಳನ್ನು ಬಿಗಿಗೊಳಿಸಿ, ಹಳೆಯ ಬಣ್ಣವನ್ನು ಕೆರೆದು, ಅಗಸೆ ಎಣ್ಣೆ ಅಥವಾ ಅರಗಿನ ಮೆರುಗು ಕೊಡುವ ಪದ್ಧತಿ ಇರಬೇಕು. ನೆಲ ತೊಳೆಯುವಾಗ ಬೆಂಚುಗಳ ಕಾಲು ನೀರಿನಲ್ಲಿ ನಿಲ್ಲದಂತೆ ನೋಡಿಕೊಂಡರೆ ಅರ್ಧ ಹಾನಿ ತಪ್ಪುತ್ತದೆ.

ಮೂರು, ಹೊಸದಾಗಿ ಕೊಳ್ಳುವಾಗ ಕಾಡಿನ ಮರಕ್ಕಿಂತ ಹಲಸು, ಮಾವು, ಬೇವು, ಸಿಲ್ವರ್ ಓಕ್, ಫಲ ನಿಂತ ರಬ್ಬರ್ ಮರ ಮುಂತಾದ ತೋಟದ ಮರಗಳನ್ನು ಆರಿಸಬೇಕು. ಇಂತಹ ಮರಗಳನ್ನು ಒಣಗಿಸಿ ಹದಗೊಳಿಸುವ ಕ್ರಮಗಳ ಬಗ್ಗೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಕಡೆ ಸಾಕಷ್ಟು ಸಂಶೋಧನೆ ನಡೆದಿದೆ.

ನಾಲ್ಕು, ಹೊಸ ಕಟ್ಟಡದಲ್ಲಿ ಕಟ್ಟೆ, ಗೂಡು, ಗೋಡೆಯ ಕಪಾಟುಗಳನ್ನು ಕಟ್ಟಡದೊಡನೆಯೇ ಕಟ್ಟಿಸಿದರೆ ಎಷ್ಟೋ ಪೀಠೋಪಕರಣಗಳ ಅಗತ್ಯವೇ ಬೀಳದು. ಕೇರಳದಲ್ಲಿ ನೆಲೆಸಿ ಕಡಿಮೆ ವೆಚ್ಚದ ಕಟ್ಟಡಗಳಿಂದ ಪ್ರಸಿದ್ಧರಾದ ಲಾರಿ ಬೇಕರ್ ಅವರು ಇಟ್ಟಿಗೆಯ ಆಸನಗಳನ್ನೂ ಗೋಡೆಯ ಗೂಡುಗಳನ್ನೂ ಕಟ್ಟಡದ ಭಾಗವಾಗಿಯೇ ನಿರ್ಮಿಸಿ ಈ ದಾರಿಯನ್ನು ತೋರಿದ್ದಾರೆ.

ಐದು, ಶಾಲೆಯ ಆವರಣದಲ್ಲಿ ಪ್ರತಿ ವರ್ಷವೂ ನಾಲ್ಕಾರು ಹೊನ್ನೆ, ಹಲಸು, ಬೇವಿನ ಸಸಿಗಳನ್ನು ನೆಟ್ಟು ಸಾಕಬೇಕು. ಮರ ಬೇಕಾದವರು ಮರ ಬೆಳೆಸುವುದು ನ್ಯಾಯ.

ದಾನಿಗಳಲ್ಲಿ ಒಂದು ವಿಶೇಷ ವಿಜ್ಞಾಪನೆ ಉಚಿತವೆನಿಸುತ್ತದೆ. ನಾಡಿನ ಹಳೆಯ ಶಾಲೆಗಳ ಬೆಂಚು, ಕಪಾಟು, ಕಪ್ಪು ಹಲಗೆಗಳ ಮೇಲೆ ದಾನ ಮಾಡಿದವರ ಹೆಸರು, ಊರು, ಇಸವಿಗಳನ್ನು ಬಣ್ಣದಲ್ಲಿ ಬರೆದಿರುವುದುಂಟು. ತಂದೆತಾಯಿಗಳ ಸ್ಮರಣೆಗಾಗಿ, ಮಗನ ತೇರ್ಗಡೆಯ ಸಂತೋಷಕ್ಕಾಗಿ, ಬೆಳೆ ಬಂದ ವರ್ಷದ ಕೃತಜ್ಞತೆಗಾಗಿ ಕೊಟ್ಟ ದಾನಗಳವು. ಅಂತಹ ಬೆಂಚು ಗುಜರಿಗೆ ಹೋದಾಗ ಅದರೊಡನೆ ಆ ಹೆಸರೂ ಹೋಗುತ್ತದೆ. ಹೊಸ ಬೆಂಚು ಕೊಟ್ಟು ಹೊಸ 

ಹೆಸರು ಬರೆಸುವುದು ದಾನವೇ. ಹಿಂದಿನವರು ಕೊಟ್ಟ ಬೆಂಚಿಗೆ ಹೊಸ ಕಾಲು ಹಾಕಿಸಿ, ಮಾಸಿದ ಅವರ ಹೆಸರನ್ನು ಮತ್ತೆ ಬರೆಸುವುದು ಅದಕ್ಕಿಂತಲೂ ದೊಡ್ಡ ದಾನ. ದುರಸ್ತಿಗೆಂದೇ ಮೀಸಲಾದ ಒಂದು ಚಿಕ್ಕ ನಿಧಿಯು ಯಾವ ಶಾಲೆಗೂ ಭಾರವಾಗದು.

ಒಳಾಂಗಣದ ಸೊಬಗು ವಸ್ತುಗಳ ಸಂಖ್ಯೆಯಲ್ಲಿಲ್ಲ, ಬೆಲೆಯಲ್ಲಿಲ್ಲ, ಹಳೆಯ ಕೆತ್ತನೆಯ ಅನುಕರಣೆಯಲ್ಲಿಯೂ ಇಲ್ಲ. ಕಾಡಿಗೆ ಹೊರೆಯಾಗದ ಮೂಲದ್ರವ್ಯ, ದುಡಿದ ಕೈಗೆ ನ್ಯಾಯವಾದ ಕೂಲಿ, ಕೆಟ್ಟರೆ ಸರಿಪಡಿಸಿಕೊಂಡು ಮತ್ತೆ ಬಳಸುವ ಮನಸ್ಸು, ಈ ಮೂರೂ ಕೂಡಿದಲ್ಲಿ ಪರಂಪರೆ ತಾನಾಗಿಯೇ ಇರುತ್ತದೆ. ಮಕ್ಕಳು ಇದನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ತಾವು ದಿನವೂ ಕುಳಿತುಕೊಳ್ಳುವ ಬೆಂಚಿನಿಂದ ಕಲಿಯುವುದು ಸುಲಭ. ಮುರಿದುದನ್ನು ಎಸೆಯದೆ ಸರಿಪಡಿಸಿದ ಶಾಲೆಯಲ್ಲಿ ಓದಿದ ಮಗು ಮುಂದೆ ತನ್ನ ಮನೆಯನ್ನೂ, ತನ್ನ ಊರನ್ನೂ ಹಾಗೆಯೇ ನೋಡಿಕೊಳ್ಳುತ್ತದೆಂದು ನಂಬಬಹುದಾಗಿದೆ.